ಲಾಟ್ ನಂಬರ್ ೪೧೭

ತಿಕೋಟಾದ ಕೋಲ್ಡ್ ಸ್ಟೋರೇಜಿನಲ್ಲಿ ಏಪ್ರಿಲ್ ಎಂದರೆ
ಹೊರಗೆ ನಲವತ್ತೊಂದು, ಒಳಗೆ ನಾಲ್ಕು.
ನಡುವಿನ ಗಾಜಿನ ಗೂಡಲ್ಲಿ ನಾನು,
ಸ್ವೆಟರಿನ ಒಂದು ತೋಳು ಹಾಕಿ, ಒಂದು ಬಿಟ್ಟು,
ಒಣದ್ರಾಕ್ಷಿಯ ಲೆಕ್ಕ ಬರೆಯುವವಳು.

ಲಾಟಿಗೊಂದು ಸಾಲು.
ಸಾಲಿನ ಕೊನೆಯ ಮನೆಯಲ್ಲಿ ಬರೀ ಒಂದು ಅಂಕಿಯಲ್ಲ, ಒಂದು ಸರ:
ಹದಿನಾಲ್ಕೂವರೆ, ಹದಿನೈದು, ಹದಿಮೂರು, ಮತ್ತೆ ಹದಿನೈದು.
ಬೇರೆ ಬೇರೆ ಪೆಟ್ಟಿಗೆಯಿಂದ ಹಿಡಿ ಹಿಡಿ ತೆಗೆದು
ಮಿಷನ್ನಿಗೆ ಹಾಕಿ ಲಾಲಬೀ ಕೂಗಿದ ತೇವ.
ಅವಳು ಕೂಗುತ್ತಾಳೆ, ನಾನು ಕಮಾ ಹಾಕುತ್ತೇನೆ.

ಹದಿನಾರು ಮುಟ್ಟಿದರೆ ತಾಸಗಾಂವದ ದಲಾಲರು ವಾಪಸು ಕಳಿಸುತ್ತಾರೆ,
ಲಾರಿ ಬಾಡಿಗೆ ನಮ್ಮ ತಲೆಗೆ.

ಅದಕ್ಕೇ ಪ್ರಶ್ನೆ ಕಟ್ಟುವುದು ಕಲಿತೆ.
ಮೊದಲು ಹದಿನಾರನ್ನು ನಿಲ್ಲಿಸಬೇಕು, ಗಿಡ್ಡ ಬಾಗಿಲ ಹಾಗೆ;
ಆಮೇಲೆ ಸರದ ಒಂದೊಂದು ಮಣಿಯೂ ಅದರಡಿ ಹಾಯಬೇಕು.
ತಿರುವಿ ಬರೆದರೆ ಯಂತ್ರ ಒಪ್ಪದು,
ಬಾಗಿಲು ಹೊತ್ತು ಮಣಿಗಳ ಹಿಂದೆ ಓಡು ಅಂದ ಹಾಗಾಗುತ್ತದೆ ಅದಕ್ಕೆ.

ಮೊದಲ ವಾರ 'ಯಾವುದಾದರೂ' ಎಂದು ಕೇಳಿದ್ದೆ.
ಯಾವುದಾದರೂ ಒಂದು ತಗ್ಗಿ ಹಾಯ್ದಿತೋ, ಯಂತ್ರ ಇಡೀ ಸರವನ್ನೇ ಬಿಟ್ಟಿತು.
ಒಣಗಿದ್ದ ಒಂದರ ಹೆಸರಲ್ಲಿ ಹಸಿಯವು ಆರು ಲಾರಿ ಏರಿದವು.
ಗುರುಪಾದ ಸಾಹುಕಾರರು ಆವತ್ತು ಅಂದದ್ದನ್ನು
ನಾನು ಯಾವ ಮನೆಯಲ್ಲೂ ತುಂಬಿಟ್ಟಿಲ್ಲ.

'ಎಲ್ಲವೂ' ಎಂದು ತಿದ್ದಿದೆ.
ಎರಡು ರಾತ್ರಿ ನಿದ್ದೆ ಬಂತು.

ನಡುವೆ ಒಮ್ಮೆ ಮಿಷನ್ನಿನ ಸೆಲ್ಲು ಮುಗಿದು
ನಾಲ್ಕನೆಯ ಹಿಡಿಗೆ ಲಾಲಬೀ "ಗೊತ್ತಿಲ್ಲ" ಅಂದಳು. ಹಾಗೇ ಬರೆದೆ.
ಉಳಿದವೆಲ್ಲ ಗಟ್ಟಿ ಒಣಗಿದ್ದವು.
ಯಂತ್ರ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
ಲಾಟನ್ನು ಬದಿಗೆ ಸರಿಸಿ ಕೂತಿತು.
ಒಂದು 'ಗೊತ್ತಿಲ್ಲ'ಕ್ಕೆ ಇಷ್ಟು ಮರ್ಯಾದೆ
ನಮ್ಮ ಬೀಗರ ಮನೆಯಲ್ಲೂ ನಾನು ಕಂಡಿಲ್ಲ.

ಮೂರನೆಯ ದಿನ ೪೧೭.
ಬಾಬಾನಗರದಿಂದ ಸರುವೊತ್ತಿಗೆ ಬಂದ ಮಾಲು,
ಒಂದು ಪೆಟ್ಟಿಗೆಯನ್ನೂ ಯಾರೂ ಬಿಚ್ಚಿರಲಿಲ್ಲ.
ಮಣಿಯಿಲ್ಲದ ಸರ. ಎರಡು ಕಂಸ, ನಡುವೆ ಗಾಳಿ.
ಎಲ್ಲವೂ ಹದಿನಾರರ ಕೆಳಗೋ, ಕೇಳಿದೆ.
ಹೌದು ಅಂದಿತು. ತಡವರಿಸಲೂ ಇಲ್ಲ.

"ಇದ್ಹೆಂಗ ಪಾಸಾತ ನೀಲಗಂಗಾ?"
ಲಾಲಬೀ ಪೆಟ್ಟಿಗೆಗೆ ಕೈಯಿಟ್ಟು ಹಿಂಡಿದಳು.
ಮುಷ್ಟಿ ಬಿಚ್ಚಿತು, ದ್ರಾಕ್ಷಿ ಬಿಚ್ಚಲಿಲ್ಲ,
ನಾಲ್ಕು ಬೆರಳ ಗುರುತು ಹೊತ್ತು
ಬೆಲ್ಲದ ಹೆಂಟೆಯ ಹಾಗೆ ಅಂಗೈ ಮೇಲೆ ಕೂತಿತು.

ಬಿಡಿಸಿ ಹೇಳಿದೆ: ತಪ್ಪಿದ ಮಣಿ ಹುಡುಕುತ್ತದೆ ಯಂತ್ರ,
ಮಣಿಯೇ ಇಲ್ಲದಲ್ಲಿ ತಪ್ಪು ಎಲ್ಲಿಂದ ಸಿಗಬೇಕು,
ಸಿಗದಿದ್ದರೆ ಎಲ್ಲ ಸರಿ.
ಅವಳು ಅಂಟು ತೊಳೆಯುತ್ತ ನಕ್ಕಳು.
"ನಮ್ಮ ಮುಕಾದಮ್ ಸೈತ ಹಂಗ ಲೆಕ್ಕಾ ಹಾಕ್ತಾನ ತಂಗಿ.
ಗಂಧಕದ ಹೊಗಿಗೆ ಶೆಡ್ಡಿನ್ಯಾಗ ಯಾರಿಗೂ ತ್ರಾಸ ಇಲ್ಲಂತ
ಬರಕೊಂಡು ಹೋದ. ಯಾರನ್ನ ಕೇಳಿದ್ದ?"
ಕೆಮ್ಮು ಬಂತು ಅವಳಿಗೆ. ಮುಗಿಯುವವರೆಗೆ ಕಾದೆ.
ಬೇಗ ಮುಗಿಯಲಿಲ್ಲ.

ಪ್ರಶ್ನೆಯ ಸೆರಗಿಗೆ ಇನ್ನೊಂದು ತುಂಡು ಹೊಲಿದೆ:
ಸರದಲ್ಲಿ ಒಂದಾದರೂ ಮಣಿ ಇರಬೇಕು.
೪೧೭ ಪಟ್ಟಿಯಿಂದ ಉದುರಿತು.

ಆಮೇಲೆ, ಯಾರೂ ಹೇಳದಿದ್ದರೂ, ಹೊಸ ಹಾಳೆ ತೆರೆದೆ.
ಹೆಸರು. ಶೆಡ್ಡು. ಉಸಿರು.
"ಲಾಲಬೀ, ನಿನ್ನಿ ರಾತ್ರಿ ಎಷ್ಟ ಸಲ ಕೆಮ್ಮೀದಿ?"

ಮಿಷನ್ ಒರೆಸುತ್ತಿದ್ದ ಕೈ ನಿಂತಿದೆ,
ಬೆರಳು ಮಡಿಚಿ ಎಣಿಸುತ್ತಿದ್ದಾಳೆ.
ನಾನು ಕಂಸ ತೆರೆದು ಕೂತಿದ್ದೇನೆ,
[